ಅಕ್ಷರಗಳನ್ನು ಎಣಿಸಿದ ಆಂದ್ರೇ ಮಾರ್ಕೊವ್

ಮೊಬೈಲಿನಲ್ಲಿ ಒಂದು ಪದ ಬರೆದೊಡನೆ ಮುಂದಿನ ಪದ ತಾನಾಗಿ ಕಾಣಿಸಿಕೊಳ್ಳುವುದು ಇಂದು ನಮ್ಮ ವಾಚಕರಿಗೆ ಹೊಸತೇನಲ್ಲ. ಹಿಂದಿನದನ್ನು ನೋಡಿ ಮುಂದಿನದನ್ನು ಲೆಕ್ಕದಿಂದ ಊಹಿಸುವ ಈ ವಿದ್ಯೆಯ ಬೇರು ರಷ್ಯದ ಒಂದು ಜಗಳದಲ್ಲಿದೆ. ಜಗಳದ ವಿಷಯ ಭಾಷೆಯಲ್ಲ, ಮನುಷ್ಯನ ಇಚ್ಛಾಸ್ವಾತಂತ್ರ್ಯ. ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ನಮ್ಮಂಥವರು ಈ ಕಥೆಯನ್ನು ತಿಳಿದಿರಲೇಬೇಕು.

ಆಂದ್ರೇ ಆಂದ್ರೆಯೆವಿಚ್ ಮಾರ್ಕೊವ್ 1856ರ ಜೂನ್ 14ರಂದು ರಷ್ಯದ ರ‍್ಯಾಜಾನ್‌ನಲ್ಲಿ ಜನಿಸಿದರು. ಬಾಲ್ಯದಲ್ಲಿ ಕಾಲಿನ ತೊಂದರೆಯಿಂದ ಊರುಗೋಲು ಹಿಡಿದೇ ನಡೆಯುತ್ತಿದ್ದರು. ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಹೆಸರಾಂತ ಗಣಿತಜ್ಞ ಚೆಬಿಷೇವ್ ಅವರ ಶಿಷ್ಯರಾಗಿ, ಮುಂದೆ ಅಲ್ಲಿಯೇ ಪ್ರಾಧ್ಯಾಪಕರೂ ವಿಜ್ಞಾನ ಅಕಾಡೆಮಿಯ ಸದಸ್ಯರೂ ಆದರು. ಸ್ವಭಾವ ಮಾತ್ರ ಬಲು ಖಾರ. 1902ರಲ್ಲಿ ಸಾಹಿತಿ ಗೋರ್ಕಿಯವರ ಅಕಾಡೆಮಿ ಆಯ್ಕೆಯನ್ನು ಸರಕಾರ ರದ್ದುಪಡಿಸಿದಾಗ ಬಹಿರಂಗವಾಗಿ ಪ್ರತಿಭಟಿಸಿದರು. 1908ರಲ್ಲಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡಬೇಕೆಂಬ ಸರಕಾರದ ಆದೇಶ ಬಂದಾಗ, ಆ ಕೆಲಸ ತಮ್ಮದಲ್ಲವೆಂದು ಸಾಫಾಗಿ ನಿರಾಕರಿಸಿದರು.

ಅವರ ಎದುರಾಳಿ ಪಾವೆಲ್ ನೆಕ್ರಾಸೊವ್. ಅವರೂ ರ‍್ಯಾಜಾನ್ ಪ್ರಾಂತ್ಯದವರೇ. ಅಲ್ಲಿನ ಆರ್ಥೊಡಾಕ್ಸ್ ಗುರುಮಠದಲ್ಲಿ ಓದಿ, ಬಳಿಕ ಮಾಸ್ಕೋದಲ್ಲಿ ಗಣಿತ ಕಲಿತವರು. ನಾಣ್ಯವನ್ನು ಸಾವಿರಾರು ಸಲ ಚಿಮ್ಮಿದರೆ ಹೆಡ್ಡು, ಟೇಲು ಸರಿಸುಮಾರು ಸಮನಾಗಿ ಬೀಳುತ್ತವೆ. ಇದನ್ನೇ ಬೃಹತ್ ಸಂಖ್ಯೆಗಳ ನಿಯಮ ಎನ್ನುತ್ತಾರೆ. ಮದುವೆ, ಅಪರಾಧ ಮೊದಲಾದವುಗಳ ಅಂಕಿಸಂಖ್ಯೆಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದಿರುವುದನ್ನು ನೆಕ್ರಾಸೊವ್ ಗಮನಿಸಿದರು. ಘಟನೆಗಳು ಒಂದಕ್ಕೊಂದು ಅಂಟಿಕೊಳ್ಳದೆ ಸ್ವತಂತ್ರವಾಗಿದ್ದರೆ ಮಾತ್ರ ಈ ನಿಯಮ ನಡೆಯುತ್ತದೆ. ಆದುದರಿಂದ ಮನುಷ್ಯರ ಕೃತ್ಯಗಳು ಸ್ವತಂತ್ರ, ಇಚ್ಛಾಸ್ವಾತಂತ್ರ್ಯ ಸಾಬೀತು ಎಂದು 1902ರಲ್ಲಿ ವಾದಿಸಿದರು.

ಕೇಳಲು ನಮ್ಮಂಥವರಿಗೆ ಹಿತವಾದ ವಾದವೇ. ಆದರೆ ಮಾರ್ಕೊವ್ ಅವರಿಗೆ ಅದು ಗಣಿತದ ದುರುಪಯೋಗವಾಗಿ ಕಂಡಿತು. ಒಂದರ ಮೇಲೊಂದು ಅವಲಂಬಿಸಿದ ಘಟನೆಗಳ ಸರಪಣಿಯಲ್ಲಿಯೂ ಆ ನಿಯಮ ನಡೆಯಬಲ್ಲದೆಂದು 1906ರಲ್ಲಿ ಅವರು ಸಿದ್ಧಮಾಡಿ ತೋರಿಸಿದರು. ಇಂದು ಲೋಕವೆಲ್ಲ ಮಾರ್ಕೊವ್ ಸರಪಣಿ ಎಂದು ಕರೆಯುವುದು ಇದನ್ನೇ.

ಇದಕ್ಕೊಂದು ನಿಜವಾದ ಉದಾಹರಣೆ ಬೇಕಲ್ಲವೇ? ಅದಕ್ಕಾಗಿ ಅವರು ಕವಿ ಪುಷ್ಕಿನ್‌ನ ಕಥನಕಾವ್ಯ ಎವ್ಗೇನಿ ಒನೇಗಿನ್ ಅನ್ನು ಕೈಗೆತ್ತಿಕೊಂಡರು. ನಮ್ಮ ಕಾಗುಣಿತದಲ್ಲಿ ಸ್ವರವು ವ್ಯಂಜನದೊಳಗೇ ಸೇರಿಕೊಳ್ಳುತ್ತದೆ. ರಷ್ಯನ್ ಲಿಪಿಯಲ್ಲಿ ಎರಡೂ ಬೇರೆ ಬೇರೆ ಅಕ್ಷರಗಳಾದುದರಿಂದ ಎಣಿಸುವುದು ಸುಲಭ. ಸುಲಭವೆಂದರೂ ಯಂತ್ರವಿಲ್ಲದ ಕಾಲ! ಕಾವ್ಯದ ಮೊದಲ 20,000 ಅಕ್ಷರಗಳನ್ನು, ಅರ್ಥ, ಪ್ರಾಸ, ಪದಗಳ ನಡುವಿನ ಜಾಗ ಎಲ್ಲವನ್ನೂ ಬದಿಗಿಟ್ಟು, ಹತ್ತು ಸಾಲು, ಹತ್ತು ಕಾಲಮ್ಮುಗಳ 200 ಚೌಕಗಳಲ್ಲಿ ಬರೆದು ಎಣಿಸಿದರು. ಸ್ವರಗಳು 8,638, ವ್ಯಂಜನಗಳು 11,362. ಅಂದರೆ ನೂರಕ್ಕೆ ಸುಮಾರು 43 ಸ್ವರಗಳು. ಅಕ್ಷರಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಒಂದು ಸ್ವರದ ಬೆನ್ನಿಗೆ ಇನ್ನೊಂದು ಸ್ವರ ಬರುವ ಸಂಭವವೂ ಅಷ್ಟೇ ಇರಬೇಕಿತ್ತು. ಸಿಕ್ಕಿದ್ದು ನೂರಕ್ಕೆ 13ರಷ್ಟು ಮಾತ್ರ. ವ್ಯಂಜನದ ಬೆನ್ನಿಗಾದರೋ ನೂರಕ್ಕೆ 66. ಪ್ರತಿಯೊಂದು ಅಕ್ಷರವೂ ತನ್ನ ಹಿಂದಿನದರ ಕೈಹಿಡಿದೇ ನಡೆಯುತ್ತಿತ್ತು. ಆದರೂ ಒಟ್ಟು ಲೆಕ್ಕ ಸ್ಥಿರವಾಗಿಯೇ ಇತ್ತು. 1913ರ ಜನವರಿಯಲ್ಲಿ ಇದನ್ನು ಅಕಾಡೆಮಿಯ ಮುಂದಿಟ್ಟರು.

ಗಣಿತದಲ್ಲಿ ಗೆಲುವು ಮಾರ್ಕೊವ್ ಅವರದೇ, ಅದನ್ನು ಸಂಕೋಚವಿಲ್ಲದೆ ಒಪ್ಪಬೇಕು. ಹಾಗೆಂದು ಅವರ ಎಣಿಕೆ ಇಚ್ಛಾಸ್ವಾತಂತ್ರ್ಯವನ್ನು ಅಳಿಸಿಹಾಕಲಿಲ್ಲ. ಅದಕ್ಕೆ ಕೊಟ್ಟ ಒಂದು ದುರ್ಬಲ ಊರುಗೋಲನ್ನು ಕಿತ್ತುಕೊಂಡಿತು, ಅಷ್ಟೇ. ವಿಶ್ವಾಸವನ್ನು ಅಂಕಿಸಂಖ್ಯೆಯಿಂದ ರುಜುವಾತುಪಡಿಸಲು ಹೊರಟ ನೆಕ್ರಾಸೊವ್, ವಿಶ್ವಾಸಕ್ಕೆ ಮಾಡಿದ ಉಪಕಾರ ಕಡಿಮೆಯೆಂದೇ ನಮಗೆ ತೋರುತ್ತದೆ.

ಮಾರ್ಕೊವ್ ಸ್ವತಃ ಧರ್ಮಸಭೆಯಿಂದ ದೂರವಾದವರು. 1901ರಲ್ಲಿ ಟಾಲ್‌ಸ್ಟಾಯ್ ಅವರನ್ನು ಬಹಿಷ್ಕರಿಸಿದ್ದ ಆರ್ಥೊಡಾಕ್ಸ್ ಸಿನೊಡ್‌ಗೆ 1912ರಲ್ಲಿ ಪತ್ರ ಬರೆದು, ತನ್ನನ್ನೂ ಹೊರಗೆ ಹಾಕಿರೆಂದು ತಾವಾಗಿಯೇ ಕೇಳಿಕೊಂಡರು. ಮರುವರ್ಷ ರಷ್ಯವೆಲ್ಲ ರೊಮಾನೊವ್ ರಾಜವಂಶದ 300ನೇ ವರ್ಷದ ಸಡಗರದಲ್ಲಿದ್ದಾಗ, ಇವರು ಬೃಹತ್ ಸಂಖ್ಯೆಗಳ ನಿಯಮದ 200ನೇ ವರ್ಷವನ್ನು ಆಚರಿಸಿದರು!

1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಇದೇ ಸರಪಣಿಯನ್ನು ಇಂಗ್ಲಿಷಿಗೆ ಅನ್ವಯಿಸಿ, ಅಕ್ಷರದ ಬೆನ್ನಿಗೆ ಅಕ್ಷರ, ಪದದ ಬೆನ್ನಿಗೆ ಪದವಿಟ್ಟು ಇಂಗ್ಲಿಷನ್ನೇ ಹೋಲುವ ಸಾಲುಗಳನ್ನು ತಯಾರಿಸಿದರು. ಕಂಪ್ಯೂಟರಿಗೆ ಮಾತು ಕಲಿಸುವ ಮುಂದಿನ ಪ್ರಯತ್ನಗಳಿಗೆ ಅದು ಹಾದಿಯಾಯಿತು.

ಮಾರ್ಕೊವ್ ಇದಾವುದನ್ನೂ ಕಾಣಲಿಲ್ಲ. 1917ರ ಕ್ರಾಂತಿಯ ದಿನಗಳಲ್ಲಿ ಜರಾಯ್ಸ್ಕ್ ಎಂಬ ಸಣ್ಣ ಊರಿಗೆ ಹೋಗಿ, ಸಂಬಳವಿಲ್ಲದೆ ಶಾಲಾ ಮಕ್ಕಳಿಗೆ ಗಣಿತ ಕಲಿಸಿದರು. ಹಿಂದಿರುಗಿದ ಮೇಲೆ ಬಡತನ ಎಷ್ಟಿತ್ತೆಂದರೆ, 1921ರಲ್ಲಿ ಕಾಲಿಗೆ ಬೂಟು ಇಲ್ಲದೆ ಅಕಾಡೆಮಿಯ ಸಭೆಗೆ ಹೋಗಲಾಗಲಿಲ್ಲ. 1922ರ ಜುಲೈ 20ರಂದು ಪೆಟ್ರೊಗ್ರಾಡ್‌ನಲ್ಲಿ ನಿಧನ ಹೊಂದಿದರು. 1954ರಲ್ಲಿ ಅವರ ಅವಶೇಷಗಳನ್ನು ಅದೇ ನಗರದ ವೋಲ್ಕೊವೊ ಸ್ಮಶಾನಕ್ಕೆ ಸ್ಥಳಾಂತರಿಸಿ, ತುರ್ಗೆನೆವ್ ಮೊದಲಾದ ಸಾಹಿತಿಗಳ ಸಮಾಧಿಗಳಿರುವ ಭಾಗದಲ್ಲಿ ಹೂಳಲಾಯಿತು.