ಗಗನಯಾತ್ರಿ ಡಾ. ಕಲ್ಪನಾ ಚಾವ್ಲಾ: ಜೀವನ ಪರಿಚಯ

ಬಾಹ್ಯಾಕಾಶಕ್ಕೆ ತೆರಳಿದ ಭಾರತ ಮೂಲದ ಪ್ರಥಮ ಮಹಿಳೆ ಡಾ. ಕಲ್ಪನಾ ಚಾವ್ಲಾ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯ ದುರಂತದಲ್ಲಿ ಆರು ಮಂದಿ ಸಹಯಾತ್ರಿಗಳೊಡನೆ ಅವರು ಪ್ರಾಣ ತೆತ್ತರು. ಅವರ ಹೆಸರಿನ ಹವಾಮಾನ ಉಪಗ್ರಹವು ತುಮಕೂರಿನ ನೆರೆಯ ಹಾಸನ ಜಿಲ್ಲೆಯಿಂದ ನಿಯಂತ್ರಿಸಲ್ಪಟ್ಟದ್ದು ನಾಡಿನ ಜನತೆಗೆ ಅವರೊಡನೆ ಇರುವ ನಂಟು.

ಜನನ ಮತ್ತು ವಿದ್ಯಾಭ್ಯಾಸ

ಕಲ್ಪನಾ ಅವರು 1962ರ ಮಾರ್ಚ್ 17ರಂದು ಹರಿಯಾಣದ ಕರ್ನಾಲ್‌ನಲ್ಲಿ ಜನಿಸಿದರು. ತಂದೆ ಬನಾರಸಿ ಲಾಲ್ ಚಾವ್ಲಾ, ತಾಯಿ ಸಂಯೋಗಿತಾ. ಕರ್ನಾಲ್‌ನ ಟಾಗೋರ್ ಬಾಲ ನಿಕೇತನದಲ್ಲಿ ಶಾಲಾ ಶಿಕ್ಷಣ ಪಡೆದು, ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಿಂದ 1982ರಲ್ಲಿ ವೈಮಾನಿಕ ಎಂಜಿನಿಯರಿಂಗ್ ಪದವಿ ಗಳಿಸಿದರು. ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿ, 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ 1988ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅದೇ ವರ್ಷ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ವಿಮಾನಗಳ ಸುತ್ತಲಿನ ವಾಯುಪ್ರವಾಹದ ಅಧ್ಯಯನ ಆರಂಭಿಸಿದರು. 1994ರ ಡಿಸೆಂಬರ್‌ನಲ್ಲಿ ಗಗನಯಾತ್ರಿಯಾಗಿ ಆಯ್ಕೆಯಾದರು.

ಮೊದಲ ಯಾನ

1997ರ ನವೆಂಬರ್ 19ರಂದು ಕೊಲಂಬಿಯಾ ನೌಕೆಯಲ್ಲಿ ಅವರ ಮೊದಲ ಯಾನ ಆರಂಭವಾಯಿತು. ಭೂಮಿಯನ್ನು 252 ಬಾರಿ ಸುತ್ತಿದ ಈ ಯಾನದಲ್ಲಿ ಸ್ಪಾರ್ಟನ್ ಎಂಬ ಸೌರ ವೀಕ್ಷಣಾ ಉಪಗ್ರಹವು ಹತೋಟಿ ತಪ್ಪಿತು. ಇಬ್ಬರು ಸಹಯಾತ್ರಿಗಳು ನೌಕೆಯಿಂದ ಹೊರಬಂದು ಅದನ್ನು ಕೈಯಿಂದಲೇ ಹಿಡಿಯಬೇಕಾಯಿತು. ಯಂತ್ರತೋಳನ್ನು ನಿರ್ವಹಿಸುತ್ತಿದ್ದ ಕಲ್ಪನಾ ಅವರ ಮೇಲೆ ಮೊದಲಿಗೆ ಆಕ್ಷೇಪ ಬಂದಿತು. ತನಿಖೆಯಲ್ಲಿ ತಂತ್ರಾಂಶ ವ್ಯವಸ್ಥೆಯ ಹಾಗೂ ಕಾರ್ಯವಿಧಾನದ ಲೋಪಗಳು ಕಂಡುಬಂದು ಅವರು ದೋಷಮುಕ್ತರಾದರು.

ಕೊನೆಯ ಯಾನ

2003ರ ಜನವರಿ 16ರಂದು ಕೊಲಂಬಿಯಾ ಮತ್ತೆ ಮೇಲೇರಿತು. ಏಳು ಮಂದಿಯ ತಂಡವು ಸುಮಾರು 80 ಪ್ರಯೋಗಗಳನ್ನು ನಡೆಸಿತು. ಆದರೆ ಉಡಾವಣೆಯಾದ ಸುಮಾರು 82 ಸೆಕೆಂಡುಗಳಲ್ಲೇ ಇಂಧನ ತೊಟ್ಟಿಯ ಹೊರಹೊದಿಕೆಯ ನೊರೆಯ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿದಿತ್ತು. ಹಾನಿಯನ್ನು ಅರಿಯಲು ಕಕ್ಷೆಯಲ್ಲಿರುವ ನೌಕೆಯ ಚಿತ್ರಗಳು ಬೇಕೆಂದು ಎಂಜಿನಿಯರುಗಳು ಕೋರಿದರೂ ಅವು ದೊರೆಯಲಿಲ್ಲ. ಮರಳುವಾಗ ರೆಕ್ಕೆಯ ಬಿರುಕಿನೊಳಗೆ ಅತಿ ಬಿಸಿಯ ಅನಿಲ ನುಗ್ಗಿ, ಭೂಸ್ಪರ್ಶಕ್ಕೆ ಕೇವಲ 16 ನಿಮಿಷಗಳಿರುವಾಗ ನೌಕೆಯು ಟೆಕ್ಸಾಸ್ ಮೇಲೆ ಛಿದ್ರವಾಯಿತು. ನೊರೆಯ ತುಂಡಿನಷ್ಟೇ, ಹಿಂದಿನ ಯಾನಗಳಲ್ಲಿ ಕಂಡಿದ್ದ ಅಪಾಯವನ್ನು ಸಾಮಾನ್ಯವೆಂದು ಬಗೆದ ಆಡಳಿತ ರೂಢಿಯೂ ದುರಂತಕ್ಕೆ ಕಾರಣವೆಂದು ತನಿಖಾ ಮಂಡಳಿ ನಿರ್ಣಯಿಸಿತು. ಅದರ ಫಲವಾಗಿ ನಂತರದ ಯಾನಗಳಲ್ಲಿ ನೌಕೆಯ ಹೊರಮೈಯನ್ನು ಕಕ್ಷೆಯಲ್ಲೇ ಪರೀಕ್ಷಿಸುವ ಕ್ರಮ ಜಾರಿಗೆ ಬಂದಿತು.

ಕರ್ನಾಟಕದಲ್ಲಿ ಸ್ಮರಣೆ

ಇಸ್ರೋ 2002ರ ಸೆಪ್ಟೆಂಬರ್ 12ರಂದು ಹಾರಿಸಿದ್ದ ಮೆಟ್‌ಸ್ಯಾಟ್ ಉಪಗ್ರಹಕ್ಕೆ 2003ರ ಫೆಬ್ರವರಿ 5ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಕಲ್ಪನಾ-1 ಎಂದು ನಾಮಕರಣ ಮಾಡಿದರು. ಕುಣಿಗಲ್ ಮಾರ್ಗದ ಹೆದ್ದಾರಿಯಲ್ಲಿ ಮುಂದೆ ಸಿಗುವ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರವು ಅದನ್ನು ನಿರ್ವಹಿಸಿತು. ಮೋಡಗಳ ಚಿತ್ರ ಕಳುಹಿಸುತ್ತಿದ್ದ ಈ ಉಪಗ್ರಹ 2017ರವರೆಗೆ ಸೇವೆಯಲ್ಲಿತ್ತು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಂತೆ ಮಳೆಯನ್ನು ನೆಚ್ಚಿ ರಾಗಿ ಬಿತ್ತುವ ಸೀಮೆಗಳಿಗೆ ಹವಾಮಾನ ಮುನ್ಸೂಚನೆಯ ಮಹತ್ವವನ್ನು ಬೇರೆ ಹೇಳಬೇಕಿಲ್ಲ. ಯುವ ಮಹಿಳಾ ವಿಜ್ಞಾನಿಗಳಿಗಾಗಿ ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ತುಮಕೂರಿನಲ್ಲಿ ಹಿಂದೆ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಿದ್ದ ಜಾಗವೂ ಇಸ್ರೋಗೆ ಸೇರಿದೆ.

1967ರ ಜನವರಿ 27ರಂದು ಅಪೊಲೊ-1ರ ಮೂವರು, 1986ರ ಜನವರಿ 28ರಂದು ಚಾಲೆಂಜರ್‌ನ ಏಳು ಮಂದಿ ಅಸುನೀಗಿದರು. ಜನವರಿ ಕೊನೆಯ ದಿನಗಳಲ್ಲಿ ಇವರೆಲ್ಲರನ್ನೂ ಕೊಲಂಬಿಯಾ ತಂಡದೊಡನೆ ನೆನೆಯಲಾಗುತ್ತದೆ. ಸಣ್ಣ ಊರಿನ ಶಾಲೆಯಿಂದ ಹೊರಟು ಒಟ್ಟು 30 ದಿನಗಳಿಗೂ ಮಿಗಿಲಾಗಿ ಬಾಹ್ಯಾಕಾಶದಲ್ಲಿ ಕಳೆದ ಕಲ್ಪನಾ ಅವರ ಬದುಕು ವಿದ್ಯಾರ್ಥಿಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ದಾರಿದೀಪವಾಗಿದೆ.