ತಾಳ ತಪ್ಪಿದ ಹೃದಯಕ್ಕೆ ಅಬ್ಲೇಷನ್ ಬೇಕೇ? ಮೊದಲು ಡಾಕ್ಟರ್ ಮೆಕೆಂಜಿಯವರ ಕಥೆ ಕೇಳಿ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಓದುಗರೊಬ್ಬರು ನಮಗೆ ಎರಡು ವಾಟ್ಸ್‌ಆಪ್ ಸಂದೇಶಗಳನ್ನು ಕಳಿಸಿ, ಯಾವುದು ನಿಜ ಎಂದು ಕೇಳಿದ್ದಾರೆ. ಅವರ ತಂದೆಗೆ 68 ವರ್ಷ. ಬಿಪಿ ಇದೆ. ಕೆಲವು ತಿಂಗಳುಗಳಿಂದ ಆಗಾಗ ಎದೆ ಡವಗುಟ್ಟುತ್ತದೆ, ನಾಡಿ ತಾಳ ತಪ್ಪುತ್ತದೆ, ಒಂದೆರಡು ಗಂಟೆಯ ನಂತರ ತಾನಾಗಿಯೇ ಸರಿಹೋಗುತ್ತದೆ. ಇಸಿಜಿ ನೋಡಿದ ವೈದ್ಯರು ಇದು ಏಟ್ರಿಯಲ್ ಫಿಬ್ರಿಲೇಷನ್, ಮಾತ್ರೆಯಲ್ಲೇ ಮುಂದುವರಿಯಬಹುದು, ಅಬ್ಲೇಷನ್ ಕೂಡ ಮಾಡಿಸಬಹುದು, ಮನೆಯಲ್ಲಿ ಯೋಚಿಸಿ ಬನ್ನಿ ಎಂದು ಕಳಿಸಿದ್ದಾರೆ. ಮನೆಯವರು ಯೋಚಿಸುವ ಮೊದಲೇ ಫ್ಯಾಮಿಲಿ ಗ್ರೂಪಿನಲ್ಲಿ ಎರಡು ಬಣಗಳಾಗಿವೆ. ಒಂದು ಫಾರ್ವರ್ಡ್ ಪ್ರಕಾರ ಅಬ್ಲೇಷನ್ ಮಾಡಿಸಿದರೆ ಕಾಯಿಲೆ ಬುಡಸಮೇತ ಹೋಗುತ್ತದೆ, ಮಾತ್ರೆಗಳನ್ನೆಲ್ಲ ಅಂದೇ ಬಿಸಾಡಬಹುದು. ಇನ್ನೊಂದರ ಪ್ರಕಾರ ಅದು ಹೃದಯವನ್ನು ಸುಡುವ ದಂಧೆ, ಮಾಡಿಸಿಕೊಂಡವರು ಮತ್ತೆ ಏಳುವುದಿಲ್ಲ.

ಎರಡೂ ತಪ್ಪು. ಏಕೆ ಎನ್ನುವುದನ್ನು ತಿಳಿಯಲು, ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ವೈದ್ಯರ ಜೀವನವನ್ನು ನೋಡುವುದು ಒಳ್ಳೆಯ ದಾರಿ. ಅವರ ಹೆಸರು ಜೇಮ್ಸ್ ಮೆಕೆಂಜಿ.

ಮೆಕೆಂಜಿ ಹುಟ್ಟಿದ್ದು 1853ರ ಏಪ್ರಿಲ್ 12ರಂದು, ಸ್ಕಾಟ್ಲೆಂಡಿನ ಸ್ಕೂನ್ ಎಂಬ ಊರಿನ ಬಳಿಯ ಒಂದು ತೋಟದ ಮನೆಯಲ್ಲಿ. ತಂದೆ ರೈತ. ಹುಡುಗ ಹದಿಹರೆಯದಲ್ಲೇ ಶಾಲೆ ಬಿಟ್ಟು ಪರ್ತ್ ಪಟ್ಟಣದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಅಂಗಡಿಯಲ್ಲೇ ಉಳಿದಿದ್ದರೆ ಬದುಕು ಹೇಗೋ ನಡೆಯುತ್ತಿತ್ತು. ಆದರೆ ವೈದ್ಯನಾಗಬೇಕೆಂಬ ಆಸೆ ಬಿಡಲಿಲ್ಲ. ಎಡಿನ್‌ಬರೋದಲ್ಲಿ ಓದಿ 1878ರಲ್ಲಿ ಪದವಿ ಪಡೆದರು. ಮರುವರ್ಷ ಇಂಗ್ಲೆಂಡಿನ ಬರ್ನ್ಲಿಗೆ ಬಂದರು. ಅದು ಹತ್ತಿ ಗಿರಣಿಗಳ ಊರು. ಬೆಳಗಾದರೆ ಮಗ್ಗದ ಸದ್ದು, ಹೊಗೆ, ಕೆಮ್ಮು. ಅಲ್ಲಿ ಅವರು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಸಾಮಾನ್ಯ ಡಾಕ್ಟರಾಗಿ 28 ವರ್ಷ ದುಡಿದರು.

ಬರ್ನ್ಲಿಯ ಆರಂಭದ ದಿನಗಳಲ್ಲಿ ಒಂದು ಸಾವು ಅವರನ್ನು ಅಲ್ಲಾಡಿಸಿತು. ಹೃದಯದ ಕಾಯಿಲೆಯಿದ್ದ ಒಬ್ಬ ಯುವತಿ ಗರ್ಭಿಣಿಯಾಗಿದ್ದಳು. ಹೆರಿಗೆಯ ಹೊತ್ತಿನಲ್ಲಿ ಅವಳ ಹೃದಯ ಸೋತಿತು, ಮೆಕೆಂಜಿಯವರ ಕಣ್ಣೆದುರೇ ತೀರಿಹೋದಳು. ಮೊದಲೇ ಗೊತ್ತಾಗಬೇಕಿತ್ತಲ್ಲ ಎಂದು ಅವರು ಇದ್ದಬದ್ದ ಪುಸ್ತಕಗಳನ್ನೆಲ್ಲ ತಿರುವಿಹಾಕಿದರು. ಹೃದಯದಲ್ಲಿ ಯಾವ ಶಬ್ದ ಕೇಳಿದರೆ ಏನು ಹೆಸರು ಎನ್ನುವುದು ಪುಸ್ತಕದಲ್ಲಿತ್ತು. ಆ ಶಬ್ದ ಇದ್ದವರು ಮುಂದೆ ಏನಾಗುತ್ತಾರೆ, ಯಾರು ಹೆರಿಗೆ ತಾಳಿಕೊಳ್ಳುತ್ತಾರೆ, ಯಾರು ತಾಳಿಕೊಳ್ಳುವುದಿಲ್ಲ ಎನ್ನುವುದು ಎಲ್ಲೂ ಇರಲಿಲ್ಲ. ಸರಿ, ತಾನೇ ನೋಡಿ ತಿಳಿಯುತ್ತೇನೆಂದು ಹೊರಟರು.

ಹೇಗೆ? ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ನೋಡುವುದರಿಂದ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಈ ಅನುಕೂಲ ಇರಲಿಲ್ಲ. ಅವರ ಬಳಿ ಬಂದ ರೋಗಿ ಗುಣವಾಗಿ ಹೋದರೂ ಸತ್ತರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಊರಿನ ಡಾಕ್ಟರಿಗಾದರೋ ಇಪ್ಪತ್ತು ವರ್ಷದ ಹಿಂದೆ ನೋಡಿದ ಹುಡುಗಿ ಈಗ ಮೂರು ಮಕ್ಕಳ ತಾಯಿಯಾಗಿ ಬೀದಿಯಲ್ಲೇ ಸಿಗುತ್ತಾಳೆ.

ನೋಡಿದ್ದನ್ನು ಬರೆದಿಡಲು ಅವರಿಗೊಂದು ಯಂತ್ರ ಬೇಕಾಯಿತು. ಆಗ ಇಸಿಜಿ ಇರಲಿಲ್ಲ. ಮಣಿಕಟ್ಟಿನ ನಾಡಿಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಸಾಧನವೊಂದು ಬಳಕೆಯಲ್ಲಿತ್ತು. ಮೆಕೆಂಜಿ ಅದಕ್ಕೆ ಇನ್ನೊಂದು ಕೈ ಜೋಡಿಸಿದರು: ಕತ್ತಿನ ಅಭಿಧಮನಿಯ ಮಿಡಿತವನ್ನೂ ಅದೇ ಕಾಗದದ ಮೇಲೆ ಬರೆಯುವ ಕೈ. ಮುಂದೆ ಪಕ್ಕದ ಪ್ಯಾಡಿಹ್ಯಾಮ್ ಊರಿನ ಒಬ್ಬ ಗಡಿಯಾರ ರಿಪೇರಿಯವರ ಜೊತೆ ಸೇರಿ ಇದನ್ನು ಶಾಯಿಯಲ್ಲಿ ಬರೆಯುವ ಪಾಲಿಗ್ರಾಫ್ ಮಾಡಿದರು. ಕತ್ತಿನ ಗೆರೆ ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣದ ಸುದ್ದಿ ಹೇಳುತ್ತಿತ್ತು, ಮಣಿಕಟ್ಟಿನ ಗೆರೆ ಕೆಳಗಿನ ಕೋಣೆಯಾದ ಹೃತ್ಕುಕ್ಷಿಯ ಸುದ್ದಿ. ಮೇಲಿನ ಕೋಣೆ ಹಿಂಡಿತೇ, ಆಮೇಲೆ ಕೆಳಗಿನದು ಹಿಂಡಿತೇ ಎಂದು ಜೀವಂತ ಮನುಷ್ಯನಲ್ಲಿ ನೋಡಲು ಸಾಧ್ಯವಾಯಿತು. ಇಂದು ನಿಮ್ಮ ಸ್ಮಾರ್ಟ್‌ವಾಚ್ ಮಾಡುವ ಕೆಲಸದ ಮುತ್ತಜ್ಜ ಎನ್ನಬಹುದಾದ ಯಂತ್ರ ಅದು.

ಗೆರೆಗಳ ರಾಶಿ ಬೆಳೆದಂತೆ ಒಂದು ಸಂಗತಿ ಸ್ಪಷ್ಟವಾಯಿತು. ತಾಳ ತಪ್ಪುವ ನಾಡಿಗಳೆಲ್ಲ ಒಂದೇ ಅಲ್ಲ. ಮಕ್ಕಳಲ್ಲಿ ಉಸಿರಿನ ಜೊತೆ ನಾಡಿ ಹೆಚ್ಚು ಕಡಿಮೆ ಆಗುತ್ತದೆ, ಅದು ಸಹಜ. ದೊಡ್ಡವರಲ್ಲಿ ನಡುನಡುವೆ ಒಂದು ಮಿಡಿತ ಮುಂಚೆಯೇ ಬಂದು, ಆಮೇಲೆ ಒಂದು ಕ್ಷಣ ನಿಂತಂತಾಗುತ್ತದೆ. ಇಂಥವರನ್ನು ಆಗಿನ ವೈದ್ಯರು ಹೃದ್ರೋಗಿಗಳೆಂದು ಹಾಸಿಗೆಗೆ ಕಟ್ಟಿಹಾಕುತ್ತಿದ್ದರು. ಮೆಕೆಂಜಿಯವರು ವರ್ಷಾನುಗಟ್ಟಲೆ ನೋಡಿದ ಇಂಥವರಲ್ಲಿ ಹೆಚ್ಚಿನವರು ಆರಾಮಾಗಿ ದುಡಿದುಕೊಂಡೇ ಇದ್ದರು. ಹೃದಯದಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಒಂಟಿ ಮಿಡಿತಗಳಿಗೆ ಹೆದರಬೇಕಿಲ್ಲ ಎಂದು ಅವರು ಹೇಳಿದ್ದು ಎಷ್ಟೋ ಜನರನ್ನು ಹಾಸಿಗೆಯಿಂದ ಎಬ್ಬಿಸಿತು.

ಮೂರನೆಯ ಬಗೆಯೇ ಬೇರೆ. ಅಲ್ಲಿ ಯಾವ ಎರಡು ಮಿಡಿತಗಳ ನಡುವಿನ ಅಂತರವೂ ಒಂದೇ ಇರುವುದಿಲ್ಲ.

ಕೀಲುವಾತದ ಜ್ವರದಿಂದ ಹೃದಯದ ಕವಾಟ ಕಿರಿದಾಗಿದ್ದ ಒಬ್ಬ ಮಹಿಳೆಯನ್ನು ಮೆಕೆಂಜಿ 1880ರಿಂದಲೂ ನೋಡುತ್ತಿದ್ದರು. 1890ರ ದಶಕದ ಕೊನೆಯಲ್ಲಿ ಅವಳಿಗೆ ಒಮ್ಮೆಲೇ ಉಸಿರು ಕಟ್ಟಿತು, ನಾಡಿ ಪೂರ್ತಿ ಅಡ್ಡಾದಿಡ್ಡಿಯಾಯಿತು. ಕತ್ತಿನ ಗೆರೆಯಲ್ಲಿ ಅಷ್ಟು ವರ್ಷ ತಪ್ಪದೆ ಕಾಣುತ್ತಿದ್ದ ಹೃತ್ಕರ್ಣದ ಅಲೆ ಮಾಯವಾಗಿತ್ತು. ಹೃತ್ಕರ್ಣ ಪಾರ್ಶ್ವವಾಯು ಹೊಡೆದಂತೆ ನಿಂತೇ ಹೋಗಿದೆ ಎಂದು ಅವರು ಭಾವಿಸಿದರು. ಆದರೆ ಇಂಥ ರೋಗಿಗಳು ಸತ್ತ ಮೇಲೆ ತೆರೆದು ನೋಡಿದಾಗ ಹೃತ್ಕರ್ಣದ ಗೋಡೆ ಸೊರಗಿರಲಿಲ್ಲ, ದಪ್ಪವಾಗಿತ್ತು. ನಿಂತುಹೋದ ಸ್ನಾಯು ದಪ್ಪಗಾಗುವುದು ಹೇಗೆ? ವಿವರಣೆ ಬದಲಿಸಿದರು. ಅದೂ ಸರಿಯಾಗಿರಲಿಲ್ಲ. 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ವಿಯೆನ್ನಾದ ಇಬ್ಬರು ವೈದ್ಯರು, ಹೊಸದಾಗಿ ಬಂದಿದ್ದ ಇಸಿಜಿಯ ಸಹಾಯದಿಂದ ನಿಜ ಸಂಗತಿ ತೋರಿಸಿದರು: ಹೃತ್ಕರ್ಣ ನಿಂತಿಲ್ಲ, ಹಿಂಡುವುದನ್ನು ಬಿಟ್ಟು ನಿಮಿಷಕ್ಕೆ ನೂರಾರು ಸಲ ಸುಮ್ಮನೆ ಅದುರುತ್ತಿದೆ. ಲೂಯಿಸ್ ಮೆಕೆಂಜಿಯವರಿಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವರು, ಅವರಿಂದಲೇ ಈ ದಾರಿಗೆ ಬಂದವರು. ಮೆಕೆಂಜಿ ತಮ್ಮ ವಿವರಣೆಯನ್ನು ಬಿಟ್ಟುಕೊಟ್ಟರು. ಇದೇ ನಮ್ಮ ಏಟ್ರಿಯಲ್ ಫಿಬ್ರಿಲೇಷನ್.

ವಿವರಣೆ ತಪ್ಪಿದ್ದರೂ ಚಿಕಿತ್ಸೆಯಲ್ಲಿ ಅವರ ಕಣ್ಣು ತಪ್ಪಲಿಲ್ಲ ಎನ್ನುವುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಫಾಕ್ಸ್‌ಗ್ಲವ್ ಗಿಡದಿಂದ ತೆಗೆಯುವ ಡಿಜಿಟಾಲಿಸ್ ಎಂಬ ಔಷಧವನ್ನು ವಿಲಿಯಂ ವಿದರಿಂಗ್ 1785ರಲ್ಲೇ ಪರಿಚಯಿಸಿದ್ದರು. ಅದು ಕೆಲವರಿಗೆ ಪವಾಡದಂತೆ ಕೆಲಸ ಮಾಡುತ್ತಿತ್ತು, ಕೆಲವರಿಗೆ ಏನೂ ಮಾಡುತ್ತಿರಲಿಲ್ಲ. ಪೂರ್ತಿ ಅಡ್ಡಾದಿಡ್ಡಿ ನಾಡಿಯವರಲ್ಲೇ ಅದು ಹೆಚ್ಚು ಫಲ ಕೊಡುತ್ತದೆ ಎಂದು ಮೆಕೆಂಜಿ ಗುರುತಿಸಿದರು. ತಾಳ ಸರಿಹೋಗುತ್ತಿರಲಿಲ್ಲ. ಆದರೆ ಓಟ ನಿಧಾನವಾಗುತ್ತಿತ್ತು, ಉಸಿರು ಮರಳುತ್ತಿತ್ತು, ರೋಗಿ ಎದ್ದು ಓಡಾಡುತ್ತಿದ್ದ.

ಇಲ್ಲಿಂದ ನೇರವಾಗಿ ಗೆಂಡೆಹಳ್ಳಿಯ ಮನೆಗೆ ಬರೋಣ. ತಾಳವನ್ನೇ ಸರಿಪಡಿಸಬೇಕೇ, ವೇಗ ಹಿಡಿತದಲ್ಲಿದ್ದರೆ ಸಾಕೇ ಎನ್ನುವ ಪ್ರಶ್ನೆ ಇಂದಿಗೂ ಜೀವಂತ. 2002ರಲ್ಲಿ 4060 ರೋಗಿಗಳ ದೊಡ್ಡ ಅಧ್ಯಯನವೊಂದು ಔಷಧಿಗಳಿಂದ ತಾಳ ಸರಿಪಡಿಸಲು ಹೊರಟವರನ್ನೂ ಬರೀ ವೇಗ ತಗ್ಗಿಸಿದವರನ್ನೂ ಹೋಲಿಸಿತು. ಬದುಕುಳಿಯುವುದರಲ್ಲಿ ತಾಳ ಸರಿಪಡಿಸುವುದರಿಂದ ಲಾಭ ಕಾಣಲಿಲ್ಲ. ಆದರೆ 2020ರ ಇನ್ನೊಂದು ಅಧ್ಯಯನದಲ್ಲಿ, ಕಾಯಿಲೆ ಗೊತ್ತಾದ ಒಂದು ವರ್ಷದೊಳಗೇ ತಾಳ ಸರಿಪಡಿಸಲು ತೊಡಗಿದವರಿಗೆ ಅನುಕೂಲ ಕಂಡಿತು. ಹಾಗಾಗಿ ಹೊಸದಾಗಿ ಕಾಯಿಲೆ ಬಂದವರು ಮಾತ್ರೆಯೋ ಅಬ್ಲೇಷನ್ನೋ ಎಂದು ಸುಮ್ಮನೆ ಕಾಲ ತಳ್ಳುವುದೂ ಒಳ್ಳೆಯದಲ್ಲ.

ಅಬ್ಲೇಷನ್‌ನ ಬುನಾದಿ 1998ರದು. ಫ್ರಾನ್ಸಿನ ಬೋರ್ಡೋದಲ್ಲಿ ಮಿಷೆಲ್ ಹೈಸಾಗೇರ್ ಮತ್ತು ಸಂಗಡಿಗರು 45 ರೋಗಿಗಳಲ್ಲಿ ಹುಡುಕಿದಾಗ, ಈ ಅದುರಾಟಕ್ಕೆ ಕಿಡಿ ಹೊತ್ತಿಸುವ ಜಾಗಗಳು ಹೆಚ್ಚಿನಂಶ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳ ಬಾಯಲ್ಲಿ ಇದ್ದವು. ಅಬ್ಲೇಷನ್ ಎಂದರೆ ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ತಂತಿಯಂಥ ಕೊಳವೆ ತೂರಿಸಿ, ಆ ಬಾಯಿಗಳ ಸುತ್ತ ಶಾಖದಿಂದಲೋ ತಣಿಸಿಯೋ ವಿದ್ಯುತ್ ಹೊಡೆತದಿಂದಲೋ ಒಂದು ಕಲೆಯ ಬೇಲಿ ಹಾಕುವುದು. ಕಿಡಿ ಬೇಲಿ ದಾಟಿ ಒಳಗೆ ಬರುವುದಿಲ್ಲ. ಎದೆ ಕೊಯ್ಯುವುದಿಲ್ಲ, ಹೃದಯವನ್ನೇ ಸುಡುವುದೂ ಇಲ್ಲ. ಎರಡನೆಯ ಫಾರ್ವರ್ಡ್ ಬೇಲಿಯನ್ನು ಕಂಡು ತೋಟಕ್ಕೇ ಬೆಂಕಿ ಬಿತ್ತೆಂದು ಕೂಗಿದಂತಿದೆ.

ಹಾಗೆಂದು ಅಪಾಯವೇ ಇಲ್ಲ ಎನ್ನುವಂತಿಲ್ಲ. ಸುಮಾರು ನೂರರಲ್ಲಿ ಒಬ್ಬರಿಗೆ ಹೃದಯದ ಸುತ್ತ ರಕ್ತ ತುಂಬಿಕೊಳ್ಳಬಹುದು. ಅದಕ್ಕಿಂತ ಕಡಿಮೆ ಮಂದಿಗೆ ಲಕ್ವ ಹೊಡೆಯಬಹುದು. ತೊಡೆಸಂದಿನಲ್ಲಿ ರಕ್ತ ಕಟ್ಟಿ ನೋಯುವುದು ಇನ್ನೂ ಸಾಮಾನ್ಯ. ಅನ್ನನಾಳಕ್ಕೂ ಹೃದಯಕ್ಕೂ ನಡುವೆ ತೂತಾಗುವುದು ತೀರಾ ಅಪರೂಪ, ಆದರೆ ಪ್ರಾಣಕ್ಕೇ ಎರವು. ಬಂದು ಹೋಗುವ ಬಗೆಯ ಫಿಬ್ರಿಲೇಷನ್ ಇದ್ದವರಲ್ಲಿ ಒಂದು ಸಲದ ಅಬ್ಲೇಷನ್ ನಂತರ ವರ್ಷದವರೆಗೆ ಮರುಕಳಿಸದೆ ಇರುವವರು ಸುಮಾರು ಹತ್ತರಲ್ಲಿ ಏಳು ಮಂದಿ. ಸದಾ ಕಾಲ ಫಿಬ್ರಿಲೇಷನ್‌ನಲ್ಲೇ ಇರುವವರಲ್ಲಿ ಇನ್ನೂ ಕಡಿಮೆ. ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ಮೊದಲ ಎರಡು ಮೂರು ತಿಂಗಳು ಮತ್ತೆ ಡವಡವ ಬಂದರೆ ಸೋತಿತೆಂದು ಲೆಕ್ಕವಲ್ಲ, ಗಾಯ ಮಾಗುವಾಗ ಹಾಗಾಗುತ್ತದೆ. ಬುಡಸಮೇತ ಹೋಗುತ್ತದೆ ಎನ್ನುವುದು ಹೀಗಾಗಿ ಸುಳ್ಳು.

ಮೊದಲ ಫಾರ್ವರ್ಡ್‌ನಲ್ಲಿರುವ ಇನ್ನೊಂದು ಮಾತು ಇದಕ್ಕಿಂತ ಅಪಾಯಕಾರಿ. ಫಿಬ್ರಿಲೇಷನ್‌ನಲ್ಲಿ ಜೀವಕ್ಕೆ ಕುತ್ತು ತರುವುದು ಡವಡವ ಮಾತ್ರವಲ್ಲ. ಅದುರುವ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗುತ್ತದೆ. ಲಕ್ವದ ಸಾಧ್ಯತೆ ಸುಮಾರು ಐದು ಪಟ್ಟು. ರಕ್ತ ತೆಳುವಾಗಿಸುವ ಮಾತ್ರೆ ಇರುವುದು ಇದಕ್ಕಾಗಿ. ಅದು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ಹಿಂದೆ ಲಕ್ವ ಆಗಿತ್ತೇ ಎನ್ನುವುದರ ಮೇಲೆ. ಅಬ್ಲೇಷನ್ ಆಯಿತೇ ಎನ್ನುವುದರ ಮೇಲಲ್ಲ. ಅಬ್ಲೇಷನ್ ಆದ ಎಲ್ಲರೂ ಕನಿಷ್ಠ ಎರಡು ಮೂರು ತಿಂಗಳು ಈ ಮಾತ್ರೆ ನುಂಗಲೇಬೇಕು. 68 ವರ್ಷ ಮತ್ತು ಬಿಪಿ ಎರಡೂ ಇರುವ ನಮ್ಮ ಓದುಗರ ತಂದೆ, ತಾಳ ಸರಿಹೋದರೂ ಸಾಮಾನ್ಯವಾಗಿ ಅದನ್ನು ಮುಂದುವರಿಸಬೇಕಾದವರ ಗುಂಪಿಗೇ ಸೇರುತ್ತಾರೆ. ವೈದ್ಯರನ್ನು ಕೇಳದೆ ಬಿಸಾಡಿದರೆ ಹೋಗುವುದು ಮಾತ್ರೆಯೊಂದೇ ಅಲ್ಲ.

ಹಾಗಾದರೆ ಅಬ್ಲೇಷನ್ ಯಾರಿಗಾಗಿ? ಡವಡವ, ಸುಸ್ತು, ಉಸಿರುಗಟ್ಟುವಿಕೆ ದಿನದ ಬದುಕನ್ನೇ ಕೆಡಿಸಿದ್ದರೆ ಅವರಿಗಾಗಿ. 2019ರಲ್ಲಿ ಪ್ರಕಟವಾದ 2204 ರೋಗಿಗಳ ಅಧ್ಯಯನದಲ್ಲಿ ಅಬ್ಲೇಷನ್ ಮಾಡಿಸಿಕೊಂಡವರಲ್ಲಿ ಸಾವು, ದೊಡ್ಡ ಲಕ್ವ ಮುಂತಾದವು ಮಾತ್ರೆಯವರಿಗಿಂತ ಖಚಿತವಾಗಿ ಕಡಿಮೆಯಾದವೆಂದು ತೋರಿಸಲಾಗಲಿಲ್ಲ. ಆದರೆ ತಾಳ ಮರುಕಳಿಸಿ ಕೆಡುವುದು ಕಡಿಮೆಯಾಯಿತು, ಬದುಕು ಹೆಚ್ಚು ನೆಮ್ಮದಿಯಾಯಿತು. ಹೃದಯದ ಪಂಪಿಂಗ್ ಶಕ್ತಿ ಕುಗ್ಗಿರುವವರ ಮಾತು ಬೇರೆ. 2018ರ ಅಧ್ಯಯನವೊಂದರಲ್ಲಿ ಅಂಥವರಲ್ಲಿ ಸಾವೂ ಕಡಿಮೆಯಾಗಿತ್ತು. ಕೀಲುವಾತದ ಜ್ವರದಿಂದ ಕವಾಟ ಕಿರಿದಾಗಿದ್ದರೆ, ಅಂದರೆ ಮೆಕೆಂಜಿಯವರ ಆ ಮಹಿಳೆಯಂತೆ, ಮೊದಲು ನೋಡಬೇಕಾದ್ದು ಕವಾಟವನ್ನು. ಅದಕ್ಕೆ ಎಕೋ ಬೇಕು.

ಆದ್ದರಿಂದ ಹಾಸನಕ್ಕೋ ಬೆಂಗಳೂರಿನ ಜಯದೇವಕ್ಕೋ ಹೋಗುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಂದು ಬಂತು, ಎಷ್ಟು ಹೊತ್ತು ಇತ್ತು, ಆಗ ತೋಟದಲ್ಲಿ ನಡೆಯಲಾಯಿತೇ, ಕುಳಿತುಬಿಟ್ಟರೇ ಎಂದು ಬರೆಯಿರಿ. ವೈದ್ಯರನ್ನು ಕೇಳಿ: ಇವರಿಗೆ ಮರುಕಳಿಸುವ ಸಾಧ್ಯತೆ ಎಷ್ಟು, ನೀವು ಎಷ್ಟು ಮಂದಿಗೆ ಮಾಡಿದ್ದೀರಿ, ಮಾಡಿಸದೆ ಇದ್ದರೆ ಮುಂದೇನು, ಆರೋಗ್ಯ ಕಾರ್ಡಿನಲ್ಲಿ ಖರ್ಚು ಎಷ್ಟು ಸಿಗುತ್ತದೆ. ಬಿಪಿ ಹಿಡಿತದಲ್ಲಿಡುವುದು, ಬೊಜ್ಜಿದ್ದರೆ ಇಳಿಸುವುದು, ಮದ್ಯ ಬಿಡುವುದು, ಗೊರಕೆ ಜೋರಿದ್ದರೆ ತೋರಿಸುವುದು ಎರಡೂ ದಾರಿಗಳಲ್ಲಿ ಬೇಕು. ಕಾಫಿ ಸೀಮೆಯವರಿಗೆ ಒಂದು ಸಮಾಧಾನ: ಫಿಬ್ರಿಲೇಷನ್ ಇದ್ದವರು ಕಾಫಿ ಪೂರ್ತಿ ಬಿಡಲೇಬೇಕು ಎನ್ನುವ ಫಾರ್ವರ್ಡ್‌ಗೂ ಬಲವಾದ ಆಧಾರವಿಲ್ಲ. ಕುಡಿದ ಕೂಡಲೇ ಡವಡವ ಬರುವವರು ಬಿಟ್ಟರೆ ಸಾಕು.

ಮೆಕೆಂಜಿ 1907ರಲ್ಲಿ, 54ನೇ ವಯಸ್ಸಿನಲ್ಲಿ, ಲಂಡನ್ನಿಗೆ ಹೋದರು. ಮರುವರ್ಷ ಬಂದ ಹೃದಯದ ಕಾಯಿಲೆಗಳ ಪುಸ್ತಕ ಅವರನ್ನು ಜಗತ್ತಿಗೆ ಪರಿಚಯಿಸಿತು. 1915ರಲ್ಲಿ ಸರ್ ಪದವಿ ಬಂತು. ಕೈತುಂಬ ಸಂಪಾದನೆಯಿದ್ದ ಆ ಬದುಕನ್ನು 1918ರಲ್ಲಿ ಬಿಟ್ಟು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಎಂಬ ಸಣ್ಣ ಪಟ್ಟಣಕ್ಕೆ ಹೋದರು. ಕಾಯಿಲೆಗಳು ಶುರುವಾಗುವ ಹಂತದಲ್ಲೇ ಅವನ್ನು ಗಮನಿಸಿ ಬರೆದಿಡುವ ಸಂಸ್ಥೆಯೊಂದನ್ನು ಊರಿನ ಡಾಕ್ಟರುಗಳನ್ನೇ ಸೇರಿಸಿ ಕಟ್ಟಿದರು. ಹೃದಯ ಕಾಯಿಲೆ ಮತ್ತು ಬಸಿರಿನ ಬಗ್ಗೆ ಪುಸ್ತಕ ಬರೆದು ಮುಗಿಸಿದ್ದು 1921ರಲ್ಲಿ, ಬರ್ನ್ಲಿಯ ಆ ಯುವತಿ ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಅಷ್ಟರಲ್ಲಿ ಅವರಿಗೇ ಎದೆನೋವು ಶುರುವಾಗಿತ್ತು. ಅವರದು ಫಿಬ್ರಿಲೇಷನ್ ಅಲ್ಲ, ಹೃದಯದ ರಕ್ತನಾಳ ಕಟ್ಟುವ ಕಾಯಿಲೆ. ಎಷ್ಟು ದೂರ ನಡೆದರೆ ನೋವು, ಏನು ಮಾಡಿದರೆ ಇಳಿಯುತ್ತದೆ ಎಂದು ಬರೆದಿಟ್ಟುಕೊಂಡರು. 1923ರಲ್ಲಿ ಎದೆನೋವಿನ ಬಗ್ಗೆ ಬರೆದ ಪುಸ್ತಕದಲ್ಲಿ ತಮ್ಮದೇ ವಿವರವನ್ನು ಹೆಸರಿಲ್ಲದ ಒಬ್ಬ ರೋಗಿಯ ವಿವರವಾಗಿ ಸೇರಿಸಿದರು. 1925ರ ಜನವರಿ 26ರಂದು ಲಂಡನ್ನಿನಲ್ಲಿ ತೀರಿಕೊಂಡರು. ಸತ್ತ ಮೇಲೆ ತಮ್ಮ ಹೃದಯವನ್ನು ತೆರೆದು ನೋಡಬೇಕೆಂದು ಮೊದಲೇ ಕೇಳಿಕೊಂಡಿದ್ದರು. ಶಿಷ್ಯರಾದ ಜಾನ್ ಪಾರ್ಕಿನ್ಸನ್ ನೋಡಿದರು. ಕಿರಿದಾದ ರಕ್ತನಾಳಗಳೂ ಸ್ನಾಯುವಿನಲ್ಲಿ ಹಳೆಯ ಕಲೆಗಳೂ ಕಂಡವು. ಆ ಹೃದಯವನ್ನು ಸೇಂಟ್ ಆಂಡ್ರ್ಯೂಸ್‌ಗೆ ಕಳಿಸಿ, ವಿದ್ಯಾರ್ಥಿಗಳು ನೋಡಲೆಂದು ಅಲ್ಲಿ ಕಾದಿರಿಸಿದರು.