ಚರ್ಮದ ಸೋಂಕಿನಲ್ಲಿ ಔಷಧ ಹುಡುಕಿದ ವೈದ್ಯ ವಿಲಿಯಂ ಕೋಲಿ

ವಿಲಿಯಂ ಬ್ರಾಡ್ಲಿ ಕೋಲಿ 1862ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಜನಿಸಿದರು. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ ನ್ಯೂಯಾರ್ಕಿನಲ್ಲಿ ಶಸ್ತ್ರಚಿಕಿತ್ಸಕರಾದರು.

1890ರಲ್ಲಿ 17 ವರ್ಷದ ಯುವತಿಯೊಬ್ಬಳು ಕೈನೋವೆಂದು ಅವರ ಬಳಿ ಬಂದಳು. ಅದು ಸಾರ್ಕೋಮಾ ಎಂಬ ಕ್ಯಾನ್ಸರ್. ಮೊಣಕೈ ಕೆಳಗೆ ಕೈ ಕತ್ತರಿಸಿದರೂ ಆಕೆ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಆ ಸಾವು ಕೋಲಿಯವರನ್ನು ಕಲಕಿತು. ಅವರು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವಿಹಾಕಿದರು. ಕುತ್ತಿಗೆಯ ಗೆಡ್ಡೆಯನ್ನು ಹಲವು ಬಾರಿ ಕತ್ತರಿಸಿದರೂ ಗುಣವಾಗದ ರೋಗಿಯೊಬ್ಬನಿಗೆ ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ತಗುಲಿ ತೀವ್ರ ಜ್ವರ ಬಂದಿತ್ತು. ಬಳಿಕ ಗೆಡ್ಡೆ ಕರಗಿಹೋಗಿತ್ತು. ಕೋಲಿ ನಗರದಲ್ಲಿ ಅಲೆದು ಅವನನ್ನು ಹುಡುಕಿದರು. ಸುಮಾರು ಏಳು ವರ್ಷಗಳ ನಂತರವೂ ಅವನು ಆರೋಗ್ಯವಾಗಿದ್ದ.

1891ರಲ್ಲಿ ಕೋಲಿ ಕ್ಯಾನ್ಸರ್ ರೋಗಿಗೆ ಜೀವಂತ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಚುಚ್ಚಿದರು. ಕೆಲವರ ಗೆಡ್ಡೆ ಕುಗ್ಗಿತು, ಆದರೆ ಸೋಂಕಿನಿಂದಲೇ ಸತ್ತವರೂ ಇದ್ದರು. ಆದ್ದರಿಂದ ಅವರು ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣ ಬಳಸತೊಡಗಿದರು. ಫಲಿತಾಂಶ ಎಲ್ಲರಲ್ಲೂ ಒಂದೇ ರೀತಿ ಇರಲಿಲ್ಲ. ವಿಕಿರಣ ಚಿಕಿತ್ಸೆ ಬಂದ ಮೇಲೆ ವೈದ್ಯಲೋಕ ಇವರ ವಿಧಾನವನ್ನು ಬದಿಗಿಟ್ಟಿತು. 1936ರಲ್ಲಿ ಕೋಲಿ ನಿಧನರಾದರು. ತಂದೆಯ ದಾಖಲೆಗಳನ್ನು ಅಧ್ಯಯನ ಮಾಡಿದ ಮಗಳು ಹೆಲೆನ್, 1953ರಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿದರು.

ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡಬಲ್ಲದು ಎಂಬ ಆ ವಿಚಾರ ಇಂದು ಇಮ್ಯುನೊಥೆರಪಿಯಾಗಿ ಬೆಳೆದಿದೆ. ನಿರೋಧಕ ಕಣಗಳ ತಡೆಯನ್ನು ಸಡಿಲಿಸುವ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ತಡೆ ಸಡಿಲಿಸಿದಾಗ ಆ ಕಣಗಳು ಆರೋಗ್ಯವಂತ ಚರ್ಮದ ಮೇಲೂ ಎರಗಬಹುದು. ತುರಿಕೆ, ದದ್ದು, ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತವೆ. ಅಪರೂಪಕ್ಕೆ, ನಡುವೆ ಹೊಪ್ಪಳೆ ಕಟ್ಟಿದ ಗಟ್ಟಿ ಗಂಟುಗಳು ಬೇಗನೆ ಬೆಳೆಯುತ್ತವೆ. ನೋಡಲು ಅವು ಚರ್ಮದ ಕ್ಯಾನ್ಸರಿನಂತೆಯೇ ಇರುತ್ತವೆ, ಸೂಕ್ಷ್ಮದರ್ಶಕದಲ್ಲಿಯೂ ಮೋಸಗೊಳಿಸಬಹುದು. ಹೊಸ ಕ್ಯಾನ್ಸರ್ ಬಂತೆಂದು ಹೆದರಿದರೆ ಪ್ರಾಣ ಉಳಿಸುವ ಚಿಕಿತ್ಸೆಯೇ ನಿಂತುಹೋಗಬಹುದು. ಔಷಧದ ಅಡ್ಡಪರಿಣಾಮವೆಂದು ಸುಮ್ಮನಿದ್ದರೆ ನಿಜವಾದ ಕ್ಯಾನ್ಸರ್ ತಪ್ಪಿಹೋಗಬಹುದು. ಹಾಗಾಗಿ ಬಯಾಪ್ಸಿಯ ಜೊತೆಗೆ, ರೋಗಿ ಯಾವ ಔಷಧ ಪಡೆಯುತ್ತಿದ್ದಾನೆ ಎಂಬುದನ್ನೂ ವೈದ್ಯರು ತಿಳಿದಿರಬೇಕು. ಅಡ್ಡಪರಿಣಾಮವೆಂದು ಖಚಿತವಾದರೆ ಅನೇಕರಿಗೆ ಸ್ಟೆರಾಯ್ಡ್ ಸಾಕಾಗುತ್ತದೆ, ಮೂಲ ಚಿಕಿತ್ಸೆ ಮುಂದುವರಿಯುತ್ತದೆ.

ಚರ್ಮದ ಮೇಲೆ ಕಂಡ ಒಂದು ಸೋಂಕನ್ನು ಕಡೆಗಣಿಸದೆ, ರೋಗಿಯ ಹಿಂದಿನ ಕಥೆಯನ್ನೂ ಹುಡುಕಿ ಹೋದದ್ದು ಕೋಲಿಯವರ ದೊಡ್ಡತನ. ವೈದ್ಯಕೀಯ ಓದುವ ಕನಸು ಹೊತ್ತ ಗೆಳೆಯ ಗೆಳತಿಯರು ಅವರಿಂದ ಕಲಿಯಬೇಕಾದ ಮೊದಲ ಪಾಠವೂ ಇದೇ.